ಒಂದನೇ ಮೈಕಿನಲ್ಲಿ ಉಳಿದದ್ದು

ಅವ್ವನ ಗಂಟಲಿನ ಆಪರೇಷನ್ನು ಗುರುವಾರ ಬೆಳಿಗ್ಗೆ ಎಂದು ಕರ್ನೂಲಿನ ಡಾಕ್ಟರು ಹೇಳಿದಾಗ ನಾನು ಮಾಡಿದ ಮೊದಲ ಕೆಲಸ, ಭಾನುವಾರದ ಬುಕಿಂಗನ್ನು ರದ್ದು ಮಾಡಿದ್ದು. ಗಡ್ಡೆ ಧ್ವನಿಪೆಟ್ಟಿಗೆಯನ್ನೇ ಹಿಡಿದಿದೆ, ಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ಅವರು ತೆಲುಗಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ನಾನು ತಲೆಯಾಡಿಸಿದೆ. ಅಳು ಬರಲಿಲ್ಲ. ಬರಬೇಕಿತ್ತಲ್ಲ ಎಂದೂ ಅನ್ನಿಸಲಿಲ್ಲ. ಭಾನುವಾರ ಸ್ಟುಡಿಯೊ ಖಾಲಿ ಬೇಕು ಎನ್ನುವುದೊಂದೇ ತಲೆಯಲ್ಲಿತ್ತು.

ಸ್ಟುಡಿಯೊ ಎಂದರೆ ದೊಡ್ಡದೇನಲ್ಲ. ಆದೋನಿಯ ಹತ್ತಿ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ, ಹಾರ್ಡ್‌ವೇರ್ ಅಂಗಡಿಯ ಮೇಲೆ ಒಂದು ಕೋಣೆ, ಒಂದು ಗಾಜಿನ ಕಿಟಕಿ, ಅದರಾಚೆ ನಾನು ಕೂರುವ ಗೂಡು. ಆಟೊದ ಮೇಲೆ ಕೂಗಿಕೊಂಡು ಹೋಗುವ ಪ್ರಚಾರ, ಮದುವೆ ವಿಡಿಯೊಗೆ ಹಾಡು, ಮಂತ್ರಾಲಯದ ಲಾಡ್ಜೊಂದರ ಲಿಫ್ಟಿನಲ್ಲಿ ಬಾಗಿಲು ಮುಚ್ಚಿರೆಂದು ಮೂರು ಭಾಷೆಯಲ್ಲಿ ಬೇಡಿಕೊಳ್ಳುವ ಹೆಂಗಸಿನ ದನಿ, ಇಂಥವನ್ನು ಹದಿನೇಳು ವರ್ಷದಿಂದ ರೆಕಾರ್ಡ್ ಮಾಡುತ್ತಿದ್ದೇನೆ. ಊರಿನವರು ನನ್ನನ್ನು ಮೈಕ್ ಹೇಮಾವತಿ ಎನ್ನುತ್ತಾರೆ. ಬದನೆಕಾಯಿ ಮಾರುವವನ ದನಿಯೂ ನನ್ನ ಹಾರ್ಡ್ ಡಿಸ್ಕಿನಲ್ಲಿದೆ. ಅವ್ವನ ದನಿ ಒಂದು ಸಲವೂ ಹಿಡಿದಿಟ್ಟಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಆ ಪೈಕಿ ಮೂರ್ಖಳು ನಾನು.

ಅವ್ವ, ಅಂದರೆ ಪಂಪಮ್ಮ, ಹೊಳಗುಂದದಲ್ಲಿ ಪದ ಹಾಡುವವಳು. ಜೊತೆಗೆ ಮೂವರು: ಜಂಬಮ್ಮ, ವೆಂಕಮ್ಮ, ಹುಲುಗಮ್ಮ. ಮೂವತ್ತು ವರ್ಷದಿಂದ ಇವರೇ ನಾಲ್ವರು, ಸೋಮವಾರ ಮಠದಲ್ಲಿ, ಉಳಿದ ದಿನ ತೊಟ್ಟಿಲ ಮನೆಯಲ್ಲಿ, ಸಾವಿನ ಮನೆಯಲ್ಲಿ. ಅವ್ವ ಒಂದು ಸಾಲು ಕೊಡುತ್ತಾಳೆ, ಉಳಿದವರು ಅದನ್ನು ಎತ್ತಿಕೊಳ್ಳುತ್ತಾರೆ. ಕೊಡುವವಳು ಒಬ್ಬಳೇ. ಎತ್ತಿಕೊಳ್ಳುವವರ ದನಿ ಕೊಡುವವಳ ದನಿಯನ್ನು ದಾಟಬಾರದು. ಇದನ್ನು ಯಾರೂ ಬರೆದಿಟ್ಟಿಲ್ಲ. ಸೊಸೆಯಾದವಳು ಅತ್ತೆ ನೆಲದ ಮೇಲೆ ಕೂತಿರುವಾಗ ಮಂಚದ ಮೇಲೆ ಕೂರುವುದಿಲ್ಲವಲ್ಲ, ಹಾಗೆ ಇದೂ.

ಅವರ ಪದಗಳಲ್ಲಿ ದೊಡ್ಡದು ಮನೆ ತೋರಿಸುವ ಪದ. ಶಿವ ಭಿಕ್ಷೆಗೆ ಬರುತ್ತಾನೆ, ಮನೆಯಲ್ಲಿ ಕಾಳಿಲ್ಲ. ಮನೆಯಾಕೆ ಅವನನ್ನು ಒಳಗೆ ಕರೆದು, ನೋಡಪ್ಪ, ನೀನೇ ನೋಡು ಎಂದು ಒಂದೊಂದೇ ಸಾಮಾನು ತೋರಿಸುತ್ತಾ ಹೋಗುತ್ತಾಳೆ. ಇಪ್ಪತ್ತೊಂದು ನುಡಿ, ಒಂದೊಂದು ನುಡಿಗೆ ಒಂದೊಂದು ಸಾಮಾನು. ಅವ್ವ ಅದನ್ನು ತನ್ನ ಅತ್ತೆಯಿಂದ ಕಲಿತಳು. ಕಾಗದದ ಮೇಲೆ ಎಲ್ಲೂ ಇಲ್ಲ.

ಪದ ಉಳಿಸೋಣ ಎಂದೇ ನಾನು ನಾಲ್ವರನ್ನೂ ಕರೆದದ್ದು. ಅದು ಸುಳ್ಳು. ನನಗೆ ಪದ ಬೇಕಿರಲಿಲ್ಲ. ಅವ್ವನ ದನಿ ಬೇಕಿತ್ತು, ಅದೂ ಗುರುವಾರದೊಳಗೆ.

ಭಾನುವಾರ ಮೊದಲ ಬಸ್ಸಿಗೆ ಬಂದರು. ಜಂಬಮ್ಮ ಸ್ಪಂಜಿನ ಟೋಪಿ ಹಾಕಿದ ಮೈಕನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಏನ್ ಹೇಮಿ, ಈ ಬದ್ನಿಕಾಯಿ ಮುಂದ ಕುಂತು ಹಾಡ್ಬೇಕೇನು ನಾವು?"

"ಹೂಂ ಚಿಗವ್ವ. ಅದನ್ನ ಹಿಡಕೊಬ್ಯಾಡ್ರಿ, ಅಷ್ಟ."

"ಹಿಡಕೊಂಡ್ರ ಏನಾತೈತಿ, ಕರೆಂಟ್ ಹೊಡಿತೈತೇನು?"

ಹುಲುಗಮ್ಮ ನಕ್ಕಳು. ಅವ್ವ ನಗಲಿಲ್ಲ. ಕೊರಳಿಗೆ ಹಳೆ ಸೀರೆಯ ತುಂಡೊಂದನ್ನು ಸುತ್ತಿಕೊಂಡಿದ್ದಳು. ಒಂದನೇ ಮೈಕು ಅವ್ವನಿಗೆ, ಎರಡನೆಯದು ಜಂಬಮ್ಮನಿಗೆ, ಮೂರನೆಯದು ವೆಂಕಮ್ಮ ಮತ್ತು ಹುಲುಗಮ್ಮನ ನಡುವೆ. ಫ್ಯಾನು ಆರಿಸಿದೆ. ಎದುರಿನ ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲನ್ನು ಆರಿಸುವುದು ನನ್ನ ಕೈಯಲ್ಲಿರಲಿಲ್ಲ. ಹತ್ತಿಯ ಕಾಲದಲ್ಲಿ ಅದಕ್ಕೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ.

ಈ ಕೆಲಸದಲ್ಲಿ ದೊಡ್ಡ ವಿದ್ಯೆ ಯಾವುದೆಂದು ಯಾರಾದರೂ ಕೇಳಿದರೆ ನಾನು ಗೇನ್ ಎನ್ನುವ ಒಂದು ತಿರುಗಣೆಯನ್ನು ತೋರಿಸುತ್ತೇನೆ. ಮೈಕಿನಿಂದ ಬಂದ ದನಿ ಮಷೀನಿನೊಳಗೆ ಎಷ್ಟು ಹೋಗಬೇಕು ಎನ್ನುವುದು ಅದರ ಕೈಯಲ್ಲಿದೆ. ಹೆಚ್ಚು ಬಿಟ್ಟರೆ, ಹಾಡುವವರು ಏರಿದ ಕೂಡಲೇ ಪರದೆಯ ಮೇಲಿನ ಹಸಿರು ಗೆರೆ ಕೆಂಪಾಗುತ್ತದೆ, ದನಿ ಹರಿಯುತ್ತದೆ. ಹರಿದ ದನಿಗೆ ಹೊಲಿಗೆ ಇಲ್ಲ. ಕಡಿಮೆ ಬಿಟ್ಟರೆ, ಆಮೇಲೆ ಎತ್ತುವಾಗ ರಸ್ತೆ, ಮಿಲ್ಲು, ಪಕ್ಕದ ಮನೆಯ ಕುಕ್ಕರು ಎಲ್ಲಾ ಅದರ ಜೊತೆಗೇ ಎದ್ದು ಬರುತ್ತವೆ. ಆದ್ದರಿಂದ ಮೊದಲೇ ಒಮ್ಮೆ ಜೋರಾಗಿ ಹಾಡಿಸಿ, ಅದರ ಮೇಲೆ ಇನ್ನಷ್ಟು ಜಾಗ ಬಿಟ್ಟು ತಿರುಗಣೆ ನಿಲ್ಲಿಸಬೇಕು. ಹಾಡು ಶುರುವಾದ ಮೇಲೆ ಮುಟ್ಟಬಾರದು. ಒಬ್ಬರಾದರೆ ಸುಲಭ. ಗುಂಪಾದರೆ ಒಬ್ಬರ ಮೈಕಿನಲ್ಲಿ ಇನ್ನೊಬ್ಬರು ಇರುತ್ತಾರೆ, ಒಬ್ಬರು ಏರಿದರೆ ಎಲ್ಲರೂ ಏರುತ್ತಾರೆ.

"ಒಂದ್ಸಲ ಹಾಡ್ರಿ, ಲೆವೆಲ್ ನೋಡ್ತೀನಿ" ಎಂದೆ.

ಹಾಡಿದರು. ಅರ್ಧ ದನಿಯಲ್ಲಿ ಹಾಡಿದರು. ಬೇರೆ ಯಾರಾದರೂ ಇಂಜಿನಿಯರ್ ಆಗಿದ್ದರೆ ಅಲ್ಲೇ ಮೋಸ ಹೋಗುತ್ತಿದ್ದ. ನನಗೆ ಗೊತ್ತು, ದೀಪ ಹಚ್ಚದೆ ಇವರು ಪೂರಾ ದನಿ ತೆಗೆಯುವುದಿಲ್ಲ. ದೀಪವಿಲ್ಲದ ಹಾಡು ಬರೀ ಬಾಯಾಡಿಸುವುದು. ದೀಪ ಹಚ್ಚಿದ ಮೇಲೆ ಅವ್ವ ಬಾಯಿ ತೆಗೆದರೆ ಅಡುಗೆಮನೆಯ ಹಲಗೆಯ ಮೇಲಿನ ಹಿತ್ತಾಳೆ ತಟ್ಟೆಗಳು ಸದ್ದು ಮಾಡುವುದನ್ನು ಕೇಳಿ ಬೆಳೆದವಳು ನಾನು. ಲೆಕ್ಕ ಹಾಕಿ ಒಂದನೇ ಮೈಕಿನ ಗೇನನ್ನು ಚೆನ್ನಾಗಿ ಇಳಿಸಿದೆ, ಮೇಲೆ ಬೇಕಾದಷ್ಟು ಜಾಗ ಬಿಟ್ಟೆ. ಆಗ ನನಗೆ ನನ್ನ ಮೇಲೆ ಸ್ವಲ್ಪ ಹೆಮ್ಮೆಯೂ ಆಯಿತು.

ವೆಂಕಮ್ಮ ಮೂಲೆಯಲ್ಲಿ ಪುಟ್ಟ ದೀಪ ಹಚ್ಚಿದಳು. ದೀಪ ಹಚ್ಚಿ ಎತ್ತಿದ ಪದವನ್ನು ನಡುವೆ ಬಿಡುವ ಹಾಗಿಲ್ಲ. ನಾಲ್ವರೂ ಕೈಮುಗಿದರು. ನಾನು ಹೆಡ್‌ಫೋನ್ ಹಾಕಿಕೊಂಡು ಕೆಂಪು ಗುಂಡಿ ಒತ್ತಿದೆ. ಅವ್ವ ತಾಳ ಹಾಕುತ್ತಾ ಶುರು ಮಾಡಿದಳು.

*ಹೊಸ್ತಿಲ ತೊಳದೀನಿ, ಒಳಗ ಬಾ ನನ್ನಯ್ಯ,*
*ಕುಂದ್ರಾಕ ಮಣಿಯಿಲ್ಲ ಮನಿಯಾಗ, ನನ ಸೆರಗ*
*ಹಾಸೀನಿ ಬಾರೋ ಜಡಿಯವನೆ.*

ಹಸಿರು ಗೆರೆ ಏಳಲಿಲ್ಲ. ಮೊದಲ ನುಡಿಯಲ್ಲವೆ, ಇನ್ನೂ ಕಾಯಬೇಕು ಎಂದುಕೊಂಡೆ. ಎರಡನೇ ನುಡಿಗೂ ಏಳಲಿಲ್ಲ. ಲೆವೆಲ್ ನೋಡುವಾಗ ಎಲ್ಲಿತ್ತೋ ಅಲ್ಲೇ ಇತ್ತು. ಆ ಅರ್ಧ ದನಿಯೇ ಈಗ ಅವ್ವನ ಪೂರಾ ದನಿ ಎಂದು ನನಗೆ ಗೊತ್ತಾದದ್ದು ಪರದೆಯನ್ನು ನೋಡಿ, ಕಿವಿಯಿಂದಲ್ಲ. ನಾನು ಇಷ್ಟು ಜಾಗ ಬಿಟ್ಟುಕೊಂಡು ಕಾದಿದ್ದು ಬರುವುದಿಲ್ಲ. ಅದು ಯಾವಾಗಲೋ ಹೋಗಿಬಿಟ್ಟಿದೆ. ನಾನು ಆದೋನಿಯಲ್ಲಿ ಕೂತು ಬದನೆಕಾಯಿ ಮಾರುವವನ ಲೆವೆಲ್ ನೋಡುತ್ತಿದ್ದಾಗ ಹೋಗಿದೆ.

ಅದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಜಂಬಮ್ಮ ಮೊದಲ ನುಡಿಯನ್ನು ಎತ್ತಿಕೊಂಡಾಗ ರೂಢಿಯಂತೆ ತುಂಬಿ ಹಾಡಿದ್ದಳು. ಎರಡನೆಯದಕ್ಕೆ ಅವ್ವನ ಮುಖ ನೋಡಿ ದನಿ ಇಳಿಸಿದಳು. ಅವಳು ಇಳಿಸಿದ್ದನ್ನು ನೋಡಿ ವೆಂಕಮ್ಮನೂ ಹುಲುಗಮ್ಮನೂ ಇಳಿಸಿದರು. ಅವ್ವ ಇನ್ನಷ್ಟು ದಣಿದಳು, ಅವರು ಇನ್ನಷ್ಟು ಕೆಳಗೆ ಹೋದರು. ನಾಲ್ಕನೇ ನುಡಿಯ ಹೊತ್ತಿಗೆ ಪಕ್ಕದ ಕೋಣೆಯ ಕೂಸು ಎದ್ದೀತೆಂದು ಹೆದರಿ ಹಾಡಿದ ಹಾಗೆ ನಾಲ್ವರೂ ಹಾಡುತ್ತಿದ್ದರು. ಮೂರೂ ಮೈಕಿನಲ್ಲಿ ಜಿನ್ನಿಂಗ್ ಮಿಲ್ಲೇ ಮುಖ್ಯ ಹಾಡುಗಾರ್ತಿಯಾಗಿತ್ತು.

ಹಾಡಿನ ನಡುವೆ ಮುಟ್ಟಬಾರದ ತಿರುಗಣೆಯನ್ನು ಮುಟ್ಟಿದೆ. ಒಂದನೆಯದನ್ನು ಮೇಲಕ್ಕೆತ್ತಿದೆ. ಅವ್ವ ಬಂದಳು, ಮಿಲ್ಲೂ ಬಂತು. ನನಗೆ ಆಗಲೂ ಏನೂ ಅನ್ನಿಸಲಿಲ್ಲ. 

ಐದನೇ ನುಡಿ ಮುಗಿದು ಬರೀ ತಾಳ ನಡೆಯುತ್ತಿದ್ದಾಗ ಒಳಗೆ ಕೇಳಿಸುವ ಗುಂಡಿ ಒತ್ತಿ ಹೇಳಿದೆ. "ಚಿಗವ್ವ, ನೀವು ಮೂರು ಮಂದಿ ಜೋರಾಗಿ ಹಾಡ್ರಿ. ಅವ್ವನ ದನೀನ ಆಮ್ಯಾಲೆ ನಾ ಎತ್ತತೀನಿ."

ಜಂಬಮ್ಮ ತಾಳ ಬಿಡದೆ ಗಾಜಿನ ಕಡೆ ನೋಡಿದಳು. "ಆಕೀನ ದಾಟಿ ಹಾಡಂಗಿಲ್ಲವ್ವ. ಆಕಿ ಎದುರಿಗೇ ಕುಂತಾಳ."

"ರೆಕಾರ್ಡಿಂಗ್ ಹಾಳಾಗತೈತಿ ಚಿಗವ್ವ."

"ಆಗ್ಲಿ."

ಅವ್ವ ನನ್ನನ್ನು ನೋಡಿದಳು, ಆಮೇಲೆ ಜಂಬಮ್ಮನನ್ನು ನೋಡಿದಳು. ತಾಳ ಒಂದು ಸುತ್ತು ಬಂತು, ಎರಡು ಸುತ್ತು ಬಂತು. ಆರನೇ ನುಡಿಯನ್ನು ಕೊಡಬೇಕಾದ ಜಾಗ ಬಂತು, ಹೋಯಿತು. ಅವ್ವ ಕೊಡಲಿಲ್ಲ. ಗದ್ದ ಎತ್ತಿ ಜಂಬಮ್ಮನಿಗೆ ತೋರಿಸಿದಳು, ನೀ ಕೊಡು ಎಂದು. ಜಂಬಮ್ಮ ಒಲ್ಲೆ ಎಂದು ತಲೆಯಲ್ಲಾಡಿಸಿದಳು. ಅವ್ವ ತಾಳ ಹಾಕುತ್ತಲೇ ಇದ್ದಳು. ದೀಪ ಉರಿಯುತ್ತಿತ್ತು, ಪದ ಬಿಡುವ ಹಾಗಿರಲಿಲ್ಲ, ಅದನ್ನು ಇಬ್ಬರೂ ಬಲ್ಲರು. ಏಳನೆಯದೋ ಎಂಟನೆಯದೋ ಸುತ್ತಿಗೆ ಜಂಬಮ್ಮ ಕಣ್ಣು ಮುಚ್ಚಿ ನುಡಿಯನ್ನು ಕೊಟ್ಟಳು.

ಮೊದಲು ನಡುಗುವ ದನಿ. ಎರಡನೇ ಸಾಲಿಗೆ ಬಿಚ್ಚಿಕೊಂಡಿತು. ಮೂವತ್ತು ವರ್ಷ ಇನ್ನೊಬ್ಬಳ ಕೆಳಗೆ ಮಡಿಸಿಟ್ಟಿದ್ದ ದನಿ ಅದು, ಇಷ್ಟು ದೊಡ್ಡದಿದೆ ಎಂದು ನನಗೂ ಗೊತ್ತಿರಲಿಲ್ಲ. ಎರಡನೇ ಮೈಕಿನ ಗೆರೆ ಕೆಂಪಿನ ಅಂಚಿಗೆ ಹೋಯಿತು, ಅವಸರದಲ್ಲಿ ಇಳಿಸಿದೆ. ವೆಂಕಮ್ಮ, ಹುಲುಗಮ್ಮ ಅವಳ ಕೆಳಗೆ ಎದ್ದರು. ಕೋಣೆ ತುಂಬಿತು. ಮಿಲ್ಲು ಕೇಳಿಸದಂತಾಯಿತು. ಅಂಥ ರೆಕಾರ್ಡಿಂಗ್ ನಾನು ಹದಿನೇಳು ವರ್ಷದಲ್ಲಿ ಮಾಡಿರಲಿಲ್ಲ.

ನನಗೆ ಸಿಟ್ಟು ಬಂತು. ಅಷ್ಟು ದಿನದಲ್ಲಿ ನನಗೆ ಬಂದದ್ದೆಂದರೆ ಅದೊಂದೇ. ಇದ್ದ ಒಂದು ಭಾನುವಾರವನ್ನು ಅವ್ವ ಎತ್ತಿ ಪಕ್ಕದವಳಿಗೆ ಕೊಟ್ಟುಬಿಟ್ಟಿದ್ದಳು. ಒಂದನೇ ಮೈಕಿನಲ್ಲಿ ಬರೀ ತಾಳ.

ಮಂಗಳ ಹಾಡಿ ಮುಗಿಸಿದ ಮೇಲೆ ಅವ್ವ ನನ್ನ ಗೂಡಿಗೆ ಬಂದು ಕೂತಳು. ಉಸಿರು ಸುಧಾರಿಸಿಕೊಂಡು ಮೆಲ್ಲಗೆ ಕೇಳಿದಳು.

"ನೋಡಿದೇನು, ಜಂಬಿ ಹೆಂಗ ಕೊಟ್ಲು?"

"ನಿನ್ನ ದನಿ ಎಲ್ಲೈತವ್ವ ಇದರಾಗ? ಐದು ನುಡಿ. ಅವೂ ಮಿಲ್ಲಿನ ಸದ್ದಿನಾಗ ಮುಳುಗ್ಯಾವ."

"ನನ್ನ ದನಿ ತಗೊಂಡು ಏನ್ ಮಾಡ್ತಿ? ಉಪ್ಪಿನಕಾಯಿ ಹಾಕ್ತಿಯೇನು?"

"ಹೂಂ, ಹಾಕ್ತೀನಿ."

"ಎತ್ತಿಕೊಳ್ಳಾರು ಮೂರು ಮಂದಿ ಅದಾರ. ಕೊಡಾಕಿ ಇಲ್ಲಂದ್ರ ಅವರು ಏನ್ ಎತ್ತಿಕೊಳ್ಳಬೇಕು? ಇವತ್ತು ಕೊಡಲಿಲ್ಲಂದ್ರ ಜಂಬಿ ಸಾಯೋತನಕ ಬಾಯಿ ತಗೀತಿದ್ದಿಲ್ಲ. ನನಗ ಗೊತ್ತೈತಿ ಆಕಿ."

ನಾನು ರೆಕಾರ್ಡಿಂಗನ್ನು ಮೊದಲಿಗೆ ತಂದೆ. ಎಲ್ಲರಿಗೂ ಸ್ಪೀಕರಿನಲ್ಲಿ ಕೇಳಿಸಿದೆ. ಜಂಬಮ್ಮ ತನ್ನ ದನಿ ಬಂದಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು. ಆರನೇ ನುಡಿಯಿಂದ ಆಚೆಗೆ, ಪ್ರತಿ ನುಡಿಯ ಮುಂಚೆ ಏನೋ ಪಿಸುಗುಟ್ಟಿದ ಸದ್ದಿತ್ತು. ಅವ್ವನೇ ಮೊದಲು ಗುರುತು ಹಿಡಿದಳು.

"ಅದು ನಾ ಗೊಣಗಿದ್ದು. ಜಂಬಿಗೆ ನುಡಿ ಎಲ್ಲಾ ಬರತಾವ, ಯಾವುದರ ಹಿಂದ ಯಾವುದು ಅನ್ನೋದು ಬರಂಗಿಲ್ಲ. ಅದಕ್ಕ ನುಡಿಯ ತಲಿ, ಮೊದಲ ಮಾತು, ಹೇಳಿಕೊಟ್ಟೆ. ಅದನ್ನ ತೆಗಿ ಹೇಮಿ, ಅಸಹ್ಯ ಕೇಳಸತೈತಿ."

"ತೆಗೀತೀನಿ" ಎಂದೆ.

ಸೋಮವಾರ ತೆಗೆದೆ. ಒಂದನೇ ಮೈಕನ್ನು ಆರನೇ ನುಡಿಯಿಂದ ಪೂರಾ ಮುಚ್ಚಿದೆ, ಉಳಿದ ಎರಡರಿಂದ ಪದವನ್ನು ಕಟ್ಟಿ ಜಂಬಮ್ಮನ ಮಗಳ ಫೋನಿಗೆ ಕಳಿಸಿದೆ. ಕೆಲಸ ಚೊಕ್ಕವಾಗಿತ್ತು. ಆಮೇಲೆ ಒಂದನೆಯದನ್ನು ಒಂದೇ ತೆರೆದು ಕೇಳಿದೆ. ತಾಳ, ಉಸಿರು, ದೂರದಲ್ಲಿ ಜಂಬಮ್ಮ. ಪ್ರತಿ ನುಡಿ ಮುಗಿಯುವ ಹೊತ್ತಿಗೆ ಅವ್ವ ಮೈಕಿನ ಕಡೆ ಬಾಗಿ, ಜಂಬಮ್ಮನಿಗೆ ಮಾತ್ರ ಕೇಳುವಷ್ಟು, ಮುಂದಿನ ಸಾಮಾನಿನ ಹೆಸರು ಹೇಳಿದ್ದಳು. ಒಲಿ. ಗಡಿಗಿ. ಬೀಸುಕಲ್ಲು. ಮೊರ. ಜಲ್ಡಿ. ನೆಲುವು. ಹಾಡುವ ದನಿಯಲ್ಲ, ಮನೆಯಲ್ಲಿ ನನ್ನನ್ನು ಕರೆದು ಇಂಥದ್ದನ್ನು ತಗೊಂಡು ಬಾ ಎನ್ನುವಾಗಿನ ದನಿ. ಬಾಯಿ ಮೈಕಿಗೆ ಹತ್ತಿರವಿದ್ದುದರಿಂದ ಮಿಲ್ಲು ಅದನ್ನು ಮುಚ್ಚಿರಲಿಲ್ಲ.

ಹದಿನಾರು ಮಾತು ಸಿಕ್ಕವು. ಒಂದೊಂದನ್ನೂ ಕತ್ತರಿಸಿ, ಲೆವೆಲ್ ಎತ್ತಿ, ಸಾಲಾಗಿ ಇಟ್ಟೆ. ಒಂದಕ್ಕೊಂದು ಅಂಟಿಸಿದರೆ ಸಂತೆಯ ಚೀಟಿ ಓದಿದ ಹಾಗೆ ಕೇಳುತ್ತಿತ್ತು, ಆದ್ದರಿಂದ ನಡುವೆ ಮೊದಲಿದ್ದಷ್ಟೇ ಖಾಲಿ ಬಿಟ್ಟೆ. ಫೋನಿಗೆ ಹಾಕಿಕೊಂಡು ಮಲಗಿದೆ. ಚೆನ್ನಾಗಿಯೇ ನಿದ್ದೆ ಬಂತು.

ಗುರುವಾರ ಕರ್ನೂಲಿನಲ್ಲಿ ಅವ್ವನಿಗೆ ಹಸಿರು ಅಂಗಿ ತೊಡಿಸಿ ಗಾಲಿ ಮಂಚದ ಮೇಲೆ ಮಲಗಿಸಿದರು. ಬಾಗಿಲ ಹತ್ತಿರ ಬಂದಾಗ ಅವ್ವ ಕೈಸನ್ನೆ ಮಾಡಿ ನನ್ನನ್ನು ಕರೆದಳು. ನಾನು ಬಗ್ಗಿ ಕಿವಿ ಕೊಟ್ಟೆ. ಈಗ ಏನೋ ಹೇಳುತ್ತಾಳೆ, ಅದನ್ನು ಜೀವಮಾನವೆಲ್ಲ ಇಟ್ಟುಕೊಳ್ಳಬೇಕು ಎಂದುಕೊಂಡೆ.

"ಚಪ್ಪಲಿ ವಾರ್ಡಿನಾಗ ಮಂಚದ ಕೆಳಗ ಬಿಟ್ಟೀನಿ. ತಗೊ. ಯಾರಾರ ಹಾಕ್ಕೊಂಡು ಹೋಗ್ತಾರ."

ಬಾಗಿಲು ಮುಚ್ಚಿತು. ಚಪ್ಪಲಿ ತಂದು ಚೀಲದಲ್ಲಿ ಇಟ್ಟುಕೊಂಡೆ. ವರಾಂಡದ ಬೆಂಚಿನ ಮೇಲೆ ಗೋನೆಗಂಡ್ಲ ಕಡೆಯ ಒಂದು ಕುಟುಂಬ ಬುತ್ತಿ ಬಿಚ್ಚಿ ಕೂತಿತ್ತು, ಅವರ ಪಕ್ಕದಲ್ಲಿ ಕೂತೆ. ನನಗೂ ಒಂದು ರೊಟ್ಟಿ ಕೊಟ್ಟರು, ತಿಂದೆ. ರುಚಿ ತಿಳಿಯಲಿಲ್ಲ. ಎರಡು ಗಂಟೆ ಹೋಯಿತು. ಒಳಗೆ ಈ ಹೊತ್ತಿಗೆ ತೆಗೆದಿರಬೇಕು ಎನ್ನುವ ಲೆಕ್ಕ ತಲೆಯಲ್ಲಿ ಬಂದು ಹೋಯಿತು. ಹೆಡ್‌ಫೋನ್ ಹಾಕಿಕೊಂಡು ಫೋನು ಒತ್ತಿದೆ.

"ಒಲಿ" ಎಂದಳು ಅವ್ವ.

ಆಮೇಲೆ ನಾನು ಬಿಟ್ಟಿದ್ದ ಖಾಲಿ ಜಾಗ. ಆ ಖಾಲಿಯಲ್ಲಿ ನನ್ನ ತುಟಿ ಅಲುಗಿತು. ಒಲಿಯಾಗ ಕಿಚ್ಚಿಲ್ಲ, ಬೂದಿಯೊಂದುಳದೈತಿ, ಬೂದಿ ಬೇಕಾದವ ನೀನಲ್ಲೇನ. ನಾನು ಹಾಡುವವಳಲ್ಲ. ಈ ಪದವನ್ನು ನಾನು ಕಲಿತದ್ದೇ ಇಲ್ಲ. ಯಾವಾಗ ನನ್ನೊಳಗೆ ಬಂದು ಕೂತಿತ್ತೋ ಗೊತ್ತಿಲ್ಲ.

"ಗಡಿಗಿ."

ಈ ಸಲ ದನಿ ಹೊರಗೆ ಬಂತು. ಒಡಕು ದನಿ, ಶ್ರುತಿ ಇಲ್ಲ, ಏರಿಳಿತದ ಮೇಲೆ ಹಿಡಿತವಿಲ್ಲ. ಇನ್ನೊಬ್ಬರು ಹೀಗೆ ಹಾಡಿದ್ದರೆ ನಾನೇ ಮೈಕಿನ ಮುಂದಿನಿಂದ ಎಬ್ಬಿಸುತ್ತಿದ್ದೆ. ರೊಟ್ಟಿ ಕೊಟ್ಟ ಹೆಂಗಸು ತನ್ನ ಮಾತು ನಿಲ್ಲಿಸಿ ನನ್ನನ್ನು ನೋಡಿದಳು. ಬೀಸುಕಲ್ಲು ಬಂತು, ಎತ್ತಿಕೊಂಡೆ. ಮೊರ ಬಂತು, ಜಲ್ಡಿ ಬಂತು. ಅವ್ವ ಒಂದು ಮಾತು ಕೊಡುತ್ತಿದ್ದಳು, ನಾನು ಎತ್ತಿಕೊಳ್ಳುತ್ತಿದ್ದೆ. ಮೂಗಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ವಾರದಿಂದ ಎಲ್ಲಿತ್ತೋ ಅದು, ಒಂದೇ ಸಲಕ್ಕೆ ಬಂದಿತ್ತು.

ನರ್ಸೊಬ್ಬಳು ಬಂದು ಭುಜ ಮುಟ್ಟಿದಳು. "ಅಮ್ಮಾ, ಕೊಂಚೆಂ ಮೆಲ್ಲಗಾ. ಪೇಷೆಂಟ್ಲು ಉನ್ನಾರು."

ರೋಗಿಗಳಿದ್ದಾರಲ್ಲ, ಮೆಲ್ಲಗೇ ಆಗಲಿ ಎಂದು ತಲೆಯಾಡಿಸಿದೆ. ಆದರೆ ಅಷ್ಟರಲ್ಲಿ ಅವ್ವ ಕೊನೆಯ ನುಡಿಯ ತಲೆ ಹೇಳಿದಳು. "ತೊಟ್ಟಿಲು."

ಮನೆಯಾಕೆ ಎಲ್ಲವನ್ನೂ ತೋರಿಸಿ ಮುಗಿಸಿ, ಕಡೆಗೆ ಬಾಗಿಲಿಗೆ ಅಡ್ಡ ನಿಂತು ಶಿವನಿಗೆ ಹೇಳುವ ಮಾತು ಅದು. ನರ್ಸಿನ ಕೈ ನನ್ನ ಭುಜದ ಮೇಲೇ ಇತ್ತು. ನಾನು ಎತ್ತಿಕೊಂಡೆ.

*ತೊಟ್ಟಿಲ ತುಂಬೈತಿ, ಅದನೊಂದ ಕೇಳಬ್ಯಾಡ,*
*ಉಳದದ್ದು ಏನಾರ ಒಯ್ಯೋ ನೀ, ನನ್ನಯ್ಯ,*
*ಕೂಸಿಗೆ ಮಾತ್ರ ಕೈ ಚಾಚಬ್ಯಾಡ.*